ಬಕೀಟಿನ ಪಕ್ಕ ನಿಂತವರಿಗೆ

ಕೀಲುಮನೆ, ತಾಳಿಕೋಟಿ
ಫೆಬ್ರವರಿ ೩೦, ೨೧೯೪

ಹೆಸರು ತಿಳಿಯದ ಹಿರಿಯರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ, ಮೊದಲು ಅದಕ್ಕೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಜ್ಜನ ಕಾಲದ ಸರ್ಕಾರವೊಂದು ಮೇ ತಿಂಗಳಿಂದ ಎರಡು ದಿನ ಕತ್ತರಿಸಿ ಫೆಬ್ರವರಿಗೆ ಹೊಲಿಯಿತು. ಮೇ ಗಿಡ್ಡವಾದರೆ ಬಿಸಿಲೂ ಗಿಡ್ಡವಾದೀತೆಂದು ಅವರ ಆಸೆ. ಬಿಸಿಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲವೆಂಬುದು ಆಮೇಲೆ ತಿಳಿಯಿತು. ಹೊಲಿಗೆ ಬಿಚ್ಚಲು ಯಾರಿಗೂ ಪುರುಸೊತ್ತಾಗಲಿಲ್ಲ, ಹಾಗಾಗಿ ಮೂವತ್ತನೆಯ ತಾರೀಖು ನಮ್ಮ ಪಾಲಿಗೆ ಉಳಿಯಿತು. ಅಂದು ಹುಟ್ಟಿದವರೂ ಇದ್ದಾರೆ, ನಿವೃತ್ತರಾಗುವವರೂ ಇದ್ದಾರೆ. ನಾನು ಎರಡನೆಯ ಪಂಗಡ.

ಇನ್ನೊಂದು ಕ್ಷಮೆ ಮಾತಿನ ಬಗ್ಗೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದೇನೆ. ನಮ್ಮಲ್ಲಿ ಅದಕ್ಕೆ ಹಳಗನ್ನಡ ಎಂದು ಹೆಸರು. ನಿಮಗೆ ಈ ಸುದ್ದಿಯನ್ನು ಇಷ್ಟು ಒರಟಾಗಿ ಯಾರೂ ಮುಟ್ಟಿಸಿರಲಿಕ್ಕಿಲ್ಲ. ಪರೀಕ್ಷೆಯಲ್ಲಿ ಎರಡನೆಯ ದರ್ಜೆಯಲ್ಲಿ ಪಾಸಾದವನು ನಾನು, ಆದ್ದರಿಂದ ನಡುನಡುವೆ ನಮ್ಮ ಕಾಲದ ಶಬ್ದಗಳು ನುಸುಳಿದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಇದೇ ಕಾಗದದ ಹೆಸರು: ಹಿನ್ನೋಲೆ. ಕೆಲಸ ಬಿಟ್ಟು ಹೋಗುವವನು, ತನ್ನ ಕೆಲಸವೆಂಬುದು ಹುಟ್ಟುವ ಮೊದಲು ಅದರ ಹತ್ತಿರದ ಜಾಗದಲ್ಲಿ ಯಾರು ನಿಂತಿದ್ದರೋ ಅವರಿಗೆ ಒಂದು ಕಾಗದ ಬರೆಯಬೇಕು, ಬರೆದು ಗೋಡೆಯ ಮೇಲಿನ ಹಸಿರು ಡಬ್ಬಿಗೆ ಹಾಕಬೇಕು. ಇದು ಕೀಲುಮನೆಯ, ಅಂದರೆ ನಮ್ಮ ಕೀಲಿನ ಆಸ್ಪತ್ರೆಯ, ಪದ್ಧತಿ. ತಲುಪುತ್ತದೆಯೇ ಎಂದು ಅಂಚೆಯವರನ್ನು ಕೇಳಿದೆ. ತಲುಪಿಲ್ಲವೆಂದು ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿಲ್ಲ ಎಂದರು.

ನಿಮ್ಮ ಕಾಲದ ಆಪರೇಷನ್ ಕೋಣೆಯ ಚಿತ್ರವೊಂದು ನಮ್ಮ ಪಡಸಾಲೆಯಲ್ಲಿದೆ. ಮೇಜು, ಮೇಜಿನ ಮೇಲೆ ಹಸಿರು ಬಟ್ಟೆಯ ಗುಡ್ಡ, ಗುಡ್ಡದಿಂದ ಹೊರಚಾಚಿದ ಒಂದು ಮೊಣಕಾಲು. ಸುತ್ತ ನಿಂತ ಡಾಕ್ಟರುಗಳೆಲ್ಲ ಗೋಡೆಯ ಪರದೆ ನೋಡುತ್ತಿದ್ದಾರೆ, ಮೊಣಕಾಲಿನ ಕಡೆಗೆ ಯಾರ ಮುಖವೂ ಇಲ್ಲ. ಮೂಲೆಯಲ್ಲಿ, ಅರ್ಧ ಮೈ ಚೌಕಟ್ಟಿನ ಹೊರಗೆ ಉಳಿದಂತೆ, ಒಬ್ಬರು ನಿಂತಿದ್ದಾರೆ. ಕಾಲ ಬಳಿ ಒಂದು ಬಕೀಟು. ಕೀಲಿನಿಂದ ಇಳಿದ ನಳಿಗೆ ಬಂದು ಸೇರುವುದು ಆ ಬಕೀಟಿಗೆ. ಚಿತ್ರದ ಅಡಿಯಲ್ಲಿ ಡಾಕ್ಟರುಗಳ ಹೆಸರಿದೆ, ಪದವಿಗಳಿವೆ, ಯಂತ್ರದ ಹೆಸರೂ ಇದೆ. ಬಕೀಟಿನ ಪಕ್ಕದವರ ಹೆಸರಿಲ್ಲ. ಅದು ನೀವು. ನಮ್ಮ ಕಸುಬಿನ ಮೂಲಪುರುಷರು, ಅಥವಾ ಮೂಲಸ್ತ್ರೀ. ಮುಖಗವಸಿನ ಕೃಪೆಯಿಂದ ಅದೂ ತಿಳಿಯುವುದಿಲ್ಲ.

ಆ ಡಾಕ್ಟರ ಕೈಯಲ್ಲಿರುವ ತೆಳ್ಳನೆಯ ಕಡ್ಡಿಯನ್ನು ನೀವು ಆರ್‌ಎಫ್ ಕಡ್ಡಿ ಎನ್ನುತ್ತಿದ್ದಿರಂತೆ. ನಾವು ಅಲೆಕಡ್ಡಿ ಎನ್ನುತ್ತೇವೆ, ಅದನ್ನು ಹಿಡಿಯುವ ಡಾಕ್ಟರನ್ನು, ಅವರು ಕೋಣೆಯಲ್ಲಿ ಇಲ್ಲದಾಗ, ಅಲೆಮಾರಿ ಎನ್ನುತ್ತೇವೆ. ನಿಮ್ಮ ರೇಡಿಯೋಕ್ಕೆ ಹಾಡು ಹೊತ್ತು ತರುತ್ತಿದ್ದ ಅಲೆಗಳ ದಾಯಾದಿಗಳೇ ಈ ಕಡ್ಡಿಯ ತುದಿಗೆ ಬಂದು, ಕೀಲಿನೊಳಗೆ ಹರಿಸುವ ಉಪ್ಪುನೀರಿನಲ್ಲಿ ಕಿತ್ತಳೆ ಬಣ್ಣದ ಚುಕ್ಕೆಯಾಗಿ ಹೊಳೆಯುತ್ತವೆ. ಆ ಚುಕ್ಕೆ ತಾಗಿದಲ್ಲಿ ಹರಿದು ಜೋತಾಡುವ ನಾರು ಕರಗುತ್ತದೆ, ಒಸರುವ ರಕ್ತ ನಿಲ್ಲುತ್ತದೆ. ಕೀಲನ್ನು ಬಿಚ್ಚಬೇಕಿಲ್ಲ, ಮೆಣಸಿನಕಾಳಿನಷ್ಟು ಎರಡು ಮೂರು ತೂತು ಸಾಕು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಕೋಣೆ ಗುಡಿಸಿದವರು ನೀವು. ಆದರೆ ನೀರಿನಲ್ಲಿ ಕಾವಿಟ್ಟರೆ ನೀರು ಕಾಯುತ್ತದೆ. ನೀರು ಹರಿಯುತ್ತಿದ್ದರೆ ಕಾವನ್ನು ಹೊತ್ತುಕೊಂಡು ಬಕೀಟಿಗೆ ಹೋಗುತ್ತದೆ, ಹರಿವು ನಿಂತರೆ ಕಾವು ಕೀಲಿನಲ್ಲೇ ಬಿಡಾರ ಹೂಡುತ್ತದೆ. ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಕೀಲಿನ ಮೆತ್ತೆ, ಅಂದರೆ ಎಲುಬಿನ ತುದಿಯ ಮೇಲಿರುವ ಬಿಳಿಯ ನುಣುಪು ಹೊದಿಕೆ, ಸದ್ದಿಲ್ಲದೆ ಸಾಯುತ್ತದೆ. ನಾವು ಚಂದ್ರನಿಗೆ ಬಸ್ಸು ಬಿಟ್ಟಿದ್ದೇವೆ, ತಡವಾಗಿ ಹೊರಡುತ್ತದೆ ಅಷ್ಟೆ. ಆದರೆ ಸತ್ತ ಮೆತ್ತೆಯನ್ನು ಮರಳಿ ಬೆಳೆಸುವುದು ನಮಗೆ ಇವತ್ತಿಗೂ ಬಂದಿಲ್ಲ.

ನಮಗೆ ಕೀಲಿನ ಚಿಂತೆ ನಿಮಗಿಂತ ಹೆಚ್ಚು. ಯಾಕೆಂದರೆ ನಾವು ನೂರಿಪ್ಪತ್ತು ವರ್ಷ ಬದುಕುತ್ತೇವೆ ಮತ್ತು ಎಲ್ಲೆಡೆಗೂ ನಡೆದೇ ಹೋಗುತ್ತೇವೆ. ಮಧ್ಯಾಹ್ನ ಬಿಸಿಲು ನೆತ್ತಿಗೇರಿದಾಗ ಊರಿಗೆ ಊರೇ ತಣ್ಣಂಗಡಿಗೆ ಇಳಿಯುತ್ತದೆ. ತಣ್ಣಂಗಡಿ ಎಂದರೆ ನೆಲದಡಿಯ ಸಂತೆಬೀದಿ, ತಾಳಿಕೋಟಿಯದಕ್ಕೆ ಎಂಬತ್ತೆರಡು ಮೆಟ್ಟಿಲು. ಇಳಿದವನು ಏರಲೇಬೇಕು. ಲೋಹದ ಕೀಲುಗಳ ಕಾಲ ನಿಮ್ಮ ಮೊಮ್ಮಕ್ಕಳೊಂದಿಗೆ ಮುಗಿಯಿತು, ಇಷ್ಟು ಉದ್ದನೆಯ ಆಯಸ್ಸಿನಲ್ಲಿ ಎಷ್ಟು ಸಲ ಬದಲಿಸುತ್ತ ಕೂಡುವುದು? ಹಾಗಾಗಿ ಹುಟ್ಟುಗೀಲನ್ನು, ತಾಯಿ ಕೊಟ್ಟ ಕೀಲನ್ನು, ಕಡೆಯವರೆಗೆ ಕಾಯ್ದುಕೊಳ್ಳುವುದೇ ನಮ್ಮ ಧರ್ಮ. ದಾರಿಯಲ್ಲಿ ಸಿಕ್ಕವರು ಆರಾಮ ಕೇಳುವುದಿಲ್ಲ, ಕೀಲು ಹ್ಯಾಂಗದಾವ ಎನ್ನುತ್ತಾರೆ. ಹೆಣ್ಣು ಗಂಡು ನೋಡುವ ಶಾಸ್ತ್ರದಲ್ಲಿ ಜಾತಕದ ಬದಲು ಮೊಣಕಾಲಿನ ಚಿತ್ರ ಕೈ ಬದಲಾಗುತ್ತದೆ. ನನ್ನ ಎಡ ಮೊಣಕಾಲಿಗೆ ಮೂರು ಕಡೆ ಹೆಣ್ಣು ತಪ್ಪಿತ್ತು. ನಾಲ್ಕನೆಯ ಕಡೆಯ ಹುಡುಗಿ ಚಿತ್ರವನ್ನು ತಲೆಕೆಳಗಾಗಿ ಹಿಡಿದು ಇದು ನಡೀತದ ಎಂದಳಂತೆ. ಅವಳೇ ನಿಂಬೆವ್ವ, ನನ್ನ ಹೆಂಡತಿ. ಈ ಕಾಗದ ಅವಳ ಬಲಗೈಯ ಮಣಿಕಟ್ಟಿನ ಬಗ್ಗೆ.

ನನ್ನ ಹೆಸರು ಮಡಿವಾಳಪ್ಪ ಬಿದರಕುಂದಿ. ವಯಸ್ಸು ತೊಂಬತ್ತೊಂದು, ನಿಮ್ಮ ಲೆಕ್ಕದಲ್ಲಿ ಅರವತ್ತೆಂದು ಇಟ್ಟುಕೊಳ್ಳಿ. ಕಸುಬಿನಿಂದ ನಾನು ನೀರ್ಗೈ. ಈ ಶಬ್ದವನ್ನು ಸಾವಕಾಶ ಬಿಡಿಸಬೇಕು. ಕೀಲಿನಿಂದ ಹೊರಬರುವ ಉಪ್ಪುನೀರು ತಟ್ಟೆಗೆ ಬೀಳುವ ಮೊದಲು ಒಬ್ಬ ಮನುಷ್ಯನ ಕೈಯ ಹಿಂಭಾಗದ ಮೇಲೆ ಬೀಳಬೇಕು. ಬಾಣಂತಿ ಕೋಣೆಯಲ್ಲಿ ಕೂಸಿಗೆ ನೀರು ಹಾಕುವ ಮುದುಕಿ ಮೊದಲು ತನ್ನ ಕೈ ಮೇಲೆ ಹನಿಸಿಕೊಂಡು ನೋಡುತ್ತಾಳಲ್ಲ, ಹಾಗೆ. ಕಡ್ಡಿಯ ತುದಿಯಲ್ಲಿ ಮಾಪಕವಿದೆ, ಅದರ ಅಂಕಿ ಗೋಡೆಯ ಮೇಲೆ ಮೂಡುತ್ತದೆ. ಆದರೆ ಕಡ್ಡಿಯ ಮಾಪಕ ಕಡ್ಡಿಯ ಪಕ್ಷಪಾತಿ. ಮಾಲೀಕನ ತಪ್ಪನ್ನು ನಾಲ್ಕು ಉಸಿರು ತಡಮಾಡಿ ಹೇಳುವುದು ಅದರ ಸ್ವಭಾವ. ಮೇಲಾಗಿ ಅಂಕಿ ಕಂಡಿತೆಂದರೆ ಕೋಣೆಯಲ್ಲಿದ್ದವರೆಲ್ಲ ಅಂಕಿಯನ್ನೇ ನೋಡುತ್ತ ಮಲಗಿದವರನ್ನು ಮರೆಯುತ್ತಾರೆ. ಅದಕ್ಕೆ ನಮ್ಮ ನಿಯಮ: ಮೊದಲು ಕೈ, ಆಮೇಲೆ ಅಂಕಿ. ಡಾಕ್ಟರು ಅಂಕಿಗೆ ಬೆನ್ನು ಹಾಕಿ ನಿಲ್ಲುತ್ತಾರೆ, ನೀರ್ಗೈಯೂ ಹಾಗೆಯೇ. ಡಾಕ್ಟರು ನೀರು ಎಂದು ಕೇಳಿದಾಗ ನೀರ್ಗೈ ಮೂರರಲ್ಲಿ ಒಂದು ಮಾತು ಹೇಳಬೇಕು: ತಂಪು, ಹದ, ಬಿಸಿ. ಬಿಸಿ ಎಂದೊಡನೆ ಡಾಕ್ಟರ ಕಾಲು ಕಡ್ಡಿಗೆ ಕಾವು ಕೊಡುವ ಪೆಡಲಿನಿಂದ ಮೇಲೇಳಬೇಕು, ಅವರು ಎಷ್ಟೇ ದೊಡ್ಡವರಿರಲಿ. ಐವತ್ತೆರಡು ವರ್ಷ ನಾನು ಈ ಮೂರು ಮಾತು ಆಡಿ ಊಟ ಮಾಡಿದ್ದೇನೆ. ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲವೆಂಬ ದೂರಿಗೆ ಇದೇ ಕಾರಣ, ಉಳಿದ ಶಬ್ದಗಳೆಲ್ಲ ಸಂಜೆಗೆ ಕೂಡಿಬಿದ್ದಿರುತ್ತವೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕೈ ನನಗೇ ಕೈಕೊಟ್ಟಿತು. ಒಂದು ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಒಲೆಯಿಂದ ಬರಿಗೈಯಲ್ಲಿ ಇಳಿಸಿದೆ, ಇಳಿಸಿ ಕಟ್ಟೆಯ ಮೇಲಿಟ್ಟು ಒಂದೆರಡು ಮಾತೂ ಆಡಿದೆ, ಆಮೇಲೆ ಚರ್ಮ ಸುಟ್ಟ ವಾಸನೆ ಬಂತು. ನೋವಿರಲಿಲ್ಲ. ಇಷ್ಟು ವಯಸ್ಸಿಗೆ ಏನೋ ಸಿದ್ಧಿಯಾಯಿತೆಂದು ಅರ್ಧ ದಿನ ಒಳಗೊಳಗೇ ಬೀಗಿದ್ದು ನಿಜ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ತಣ್ಣೀರು, ಬಿಸಿನೀರು ಎರಡು ಲೋಟ ಇಟ್ಟುಕೊಂಡು ಕಣ್ಣು ಮುಚ್ಚಿ ಪರೀಕ್ಷೆ ಮಾಡಿಕೊಂಡೆ. ಎರಡೂ ಒಂದೇ. ನನಗಿಂತ ಮೊದಲೇ ನನ್ನ ನರಗಳು ನಿವೃತ್ತಿ ತೆಗೆದುಕೊಂಡಿದ್ದವು, ಸನ್ಮಾನವನ್ನೂ ಕೇಳದೆ.

ಕೈ ಮಂಕಾದ ನೀರ್ಗೈ ಅಂದೇ ಹೋಗಿ ಹೇಳಬೇಕು. ಅದಕ್ಕೆ ಕೈ ಇಳಿಸುವುದು ಎನ್ನುತ್ತೇವೆ, ಅದರಲ್ಲಿ ಅವಮಾನವಿಲ್ಲ, ಒಂದು ಶಾಲು ಹೊದಿಸಿ ಕಳಿಸುತ್ತಾರೆ. ನಾನು ಹೇಳಲಿಲ್ಲ. ಮಾರನೆಯ ದಿನ ನೋಡಿದರೆ ನನ್ನ ಮುಂದಿನ ಉಕ್ಕಿನ ತಟ್ಟೆಯಲ್ಲಿ ಬೆನ್ನ ಹಿಂದಿನ ಗೋಡೆಯ ಅಂಕಿ ತಲೆಕೆಳಗಾಗಿ ಕಾಣುತ್ತಿತ್ತು. ನಾಲ್ಕು ಉಸಿರು ತಡವಾದರೂ ಅಂಕಿ ಅಂಕಿಯೇ. ತಲೆಕೆಳಗಾದದ್ದನ್ನು ಓದುವುದನ್ನು ನಾನು ನಿಂಬೆವ್ವನಿಂದ ಕಲಿತಿರಬೇಕು. ನಾಲ್ಕು ತಿಂಗಳು ಹಾಗೆ ನಡೆಸಿದೆ. ಮೂವತ್ತೊಂದು ಕೀಲುಗಳು. ಒಂದಕ್ಕೂ ಏನೂ ಆಗಲಿಲ್ಲ, ಆಮೇಲೆ ಎಲ್ಲವನ್ನೂ ಕರೆಸಿ ಪರೀಕ್ಷಿಸಿದರು. ಆದರೆ ಆಗಲಿಲ್ಲವೆಂಬುದು ನನ್ನ ಪುಣ್ಯ, ನನ್ನ ಕೆಲಸವಲ್ಲ.

ಯಾಕೆ ಹೇಳಲಿಲ್ಲವೆಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನಿಂಬೆವ್ವನ ಆಪರೇಷನ್ ನಿಗದಿಯಾಗಿತ್ತು. ಅವಳು ಎಪ್ಪತ್ತು ವರ್ಷದಿಂದ ಜೋಳದ ರೊಟ್ಟಿ ಬಡಿಯುವವಳು. ನಮ್ಮಲ್ಲೂ ರೊಟ್ಟಿ ಯಂತ್ರಗಳಿವೆ, ಒಂದೇ ಅಳತೆಯ ದುಂಡನೆಯ ರೊಟ್ಟಿ ಉಗುಳುತ್ತವೆ, ತಿಂದರೆ ಹೊಟ್ಟೆ ತುಂಬುತ್ತದೆ. ಆದರೆ ನಮ್ಮ ಓಣಿಗೆ ಬೆಳಗಾಗುವುದು ನಿಂಬೆವ್ವನ ಅಂಗೈ ಹಿಟ್ಟಿನ ಮೇಲೆ ಬೀಳುವ ಸಪ್ಪಳದಿಂದ. ಬಡಿಯುತ್ತ ತಿರುಗಿಸುವುದು, ತಿರುಗಿಸುತ್ತ ಹಿಗ್ಗಿಸುವುದು, ಎಲ್ಲ ಮಣಿಕಟ್ಟಿನ ಕೆಲಸ. ಎರಡು ವರ್ಷದಿಂದ ಕಿರುಬೆರಳಿನ ಕಡೆಯ ನಾರಿನ ಬಿಲ್ಲೆಯೊಂದು ಹರಿದು, ತಿರುಗಿಸಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು. ಅಲೆಕಡ್ಡಿಯಿಂದ ಆ ಹರಕನ್ನು ಒಪ್ಪ ಮಾಡಬೇಕು, ಅಷ್ಟೆ. ಮಣಿಕಟ್ಟು ಬಹಳ ಚಿಕ್ಕ ಮನೆ. ಮೊಣಕಾಲಿನಲ್ಲಿ ತಂಬಿಗೆ ನೀರು ಹಿಡಿದರೆ ಮಣಿಕಟ್ಟಿನಲ್ಲಿ ಒಂದು ಚಮಚ. ಚಮಚದ ನೀರು ಕಾಯಲು ಎಷ್ಟು ಹೊತ್ತು ಬೇಕು? ಅದನ್ನು ಬಲ್ಲವಳಾದ್ದರಿಂದಲೇ ಅವಳೊಂದು ಷರತ್ತು ಹಾಕಿದ್ದಳು. ನೀರಿಗೆ ನನ್ನ ಕೈಯೇ ಇರಬೇಕು, ಇಲ್ಲದಿದ್ದರೆ ನೋವು ತಿಂದುಕೊಂಡೇ ಇರುತ್ತೇನೆ ಎಂದು. ಊರಲ್ಲಿ ಇನ್ನೂ ಇಬ್ಬರು ಒಳ್ಳೆಯ ನೀರ್ಗೈಗಳಿದ್ದರು. ಅವರ ಕೈಯನ್ನು ನಾನು ನಂಬುತ್ತಿದ್ದೆ. ಆದರೆ ಅರವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಯಾವುದಕ್ಕಾದರೂ ಹೀಗೆ ಬಾಯಿಬಿಟ್ಟು ಬೇಕೆಂದದ್ದು ಅದೇ ಮೊದಲು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಇದನ್ನು ಪ್ರೀತಿ ಎನ್ನಿ, ಜಂಬ ಎನ್ನಿ. ನನ್ನಲ್ಲಿ ಅವೆರಡೂ ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದವು.

ನಮ್ಮ ಅಲೆಮಾರಿ ಡಾಕ್ಟರ್ ರುಕಿಯಾ ಮನಿಯಾರ. ಅವರ ಪೂರ್ವಿಕರು ಓಣಿ ಓಣಿ ತಿರುಗಿ ಬಳೆ ತೊಡಿಸುತ್ತಿದ್ದವರು. ಬಳೆ ಏರದ ಮಣಿಕಟ್ಟನ್ನು ಸರಿಮಾಡುವ ಕೆಲಸ ಮೊಮ್ಮಗಳ ಪಾಲಿಗೆ ಬಂದಿದೆ. ಕೈ ಸೂಕ್ಷ್ಮ, ಮಾತು ಕಡಿಮೆ. ಜುಮ್ಮು ಕೊಡುವವರು ಡಾಕ್ಟರ್ ಪರಪ್ಪ ತೇಲಿ. ಜುಮ್ಮು ಎಂದರೆ ಭುಜದ ಬಳಿ ಚುಚ್ಚಿ ಇಡೀ ತೋಳನ್ನು ಮಲಗಿಸುವುದು, ರೋಗಿಗೆ ಎಚ್ಚರವಿರುತ್ತದೆ. ಅವರದು ಕೈ ಕಡಿಮೆ, ಮಾತು ಹೆಚ್ಚು. ಅಂದು ಬೆಳಿಗ್ಗೆ ಒಂಬತ್ತಕ್ಕೆ ನಿಂಬೆವ್ವನ ಬಲತೋಳು ನಿದ್ದೆಹೋಯಿತು. ಮುಖಕ್ಕೂ ಕೈಗೂ ನಡುವೆ ಒಂದು ಬಟ್ಟೆಯ ಗೋಡೆ. ಆಚೆಯಿಂದ ಅವಳು ತೇಲಿಯವರಿಗೆ, ನಿಮ್ಮ ಹೆಂಡತಿ ರೊಟ್ಟಿಗೆ ನೀರು ಕಡಿಮಿ ಹಾಕತಾಳಂತ, ಅಂಚು ಸೀಳತಾವಂತ ಎಂದು ಪಾಠ ಹೇಳುತ್ತಿದ್ದಳು. ಅವರು ಅದನ್ನು ಮನೆಗೆ ಹೋಗಿ ಹೇಳುವ ಧೈರ್ಯ ತಮಗಿಲ್ಲವೆಂದು ಒಪ್ಪಿಕೊಂಡರು.

ನಾನು ನನ್ನ ಜಾಗದಲ್ಲಿ ಕೂತು ತಟ್ಟೆಯತ್ತ ನೋಡಿದೆ. ತಟ್ಟೆಯಲ್ಲಿ ಬಿಳಿಯ ಬಟ್ಟೆ ಹಾಸಿತ್ತು. ಕೀಲಿನಿಂದ ಬರುವ ಚೂರುಗಳನ್ನು ಪರೀಕ್ಷೆಗೆ ಕಳಿಸಬೇಕಿತ್ತು, ಅವು ನೀರಿನೊಂದಿಗೆ ಹರಿದುಹೋಗದಿರಲೆಂದು ಡಾಕ್ಟರ್ ರುಕಿಯಾ ಹಾಸಿಸಿದ್ದರು. ಉಕ್ಕು ಕಾಣುವುದಿಲ್ಲ, ಅಂಕಿಯೂ ಕಾಣುವುದಿಲ್ಲ. ಆ ಕ್ಷಣದಲ್ಲಿ ನಾನು ಏಳಬಹುದಿತ್ತು. ಎದ್ದು ಒಂದು ಮಾತು ಹೇಳಿದ್ದರೆ ಹತ್ತು ನಿಮಿಷದಲ್ಲಿ ಇನ್ನೊಬ್ಬ ನೀರ್ಗೈ ಬಂದು ಕೂಡುತ್ತಿದ್ದ. ನಾನು ಕೈ ಚಾಚಿದೆ.

ಮೊದಲ ಕೆಲವು ನಿಮಿಷ ನೀರು ಧಾರೆಯಾಗಿ ಬಂತು. ಧಾರೆ ದಪ್ಪಗಿದ್ದರೆ ನೀರು ತಂಪಿರುತ್ತದೆ, ಅದಕ್ಕೆ ಕೈ ಬೇಕಿಲ್ಲ, ಕಣ್ಣು ಸಾಕು. ಕೇಳಿದಾಗ ತಂಪು ಎಂದೆ. ಆಮೇಲೆ ಒಳಗೆಲ್ಲೋ ಸಣ್ಣ ರಕ್ತನಾಳ ಒಸರಿ, ಕೀಲಿನ ಒಳಗನ್ನು ತೋರಿಸುವ ಡಾಕ್ಟರ ಮುಂದಿನ ಪರದೆ ಕೆಂಪಾಯಿತು. ಅಂಥ ಹೊತ್ತಿನಲ್ಲಿ ಹೊರಬಾಗಿಲನ್ನು, ಅಂದರೆ ನೀರು ಹೊರಬರುವ ನಳಿಗೆಯ ತಿರುಪನ್ನು, ಕೊಂಚ ಬಿಗಿ ಹಿಡಿದರೆ ಒಳಗಿನ ಒತ್ತಡ ಏರಿ ರಕ್ತ ಹಿಂಜರಿಯುತ್ತದೆ, ನೋಟ ತಿಳಿಯಾಗುತ್ತದೆ. ನಿಮ್ಮ ಡಾಕ್ಟರುಗಳೂ ಹಾಗೆ ಮಾಡುತ್ತಿದ್ದದ್ದನ್ನು ನೀವು ಕಂಡಿರುತ್ತೀರಿ. ಡಾಕ್ಟರ್ ರುಕಿಯಾ ಬಿಗಿ ಹಿಡಿದರು, ಕಡ್ಡಿ ಇಟ್ಟು ಪೆಡಲ್ ತುಳಿದರು. ನನ್ನ ಕೈ ಮೇಲಿನ ಧಾರೆ ಹನಿಯಾಯಿತು. ನೀರು ಎಂದು ಕೇಳಿದರು.

ಹದ ಎಂದೆ.

ಹೇಗೆಂದೆ ಎಂದು ಕೇಳಬೇಡಿ. ಐವತ್ತೆರಡು ವರ್ಷದಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಹದವಿರುತ್ತಿತ್ತು, ಬಾಯಿ ಅದನ್ನು ನೆನಪಿನಿಂದ ಹೇಳಿತು. ಹನಿ ಬೀಳುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ, ಅದು ಬೇರೆ ಯಾರದೋ ಕೈ ಮೇಲೆ ಬೀಳುತ್ತಿರುವಂತೆ. ಡಾಕ್ಟರು ಮತ್ತೆ ಕೇಳಿದರು. ಮತ್ತೆ ಹದ ಎಂದೆ. ಬಟ್ಟೆಯ ಆಚೆ ರೊಟ್ಟಿಯ ಪಾಠ ನಿಂತುಹೋಯಿತು.

“ರೀ,” ಎಂದಳು ನಿಂಬೆವ್ವ. ಕೋಣೆಯಲ್ಲಿ ಯಾರನ್ನು ಕರೆದಳೆಂಬ ಅನುಮಾನವೇ ಇರಲಿಲ್ಲ. “ಇದು ನೀವು ಪಲ್ಯಾಕ್ಕ ಉಪ್ಪು ಸರಿ ಅದ ಅನ್ನೂ ದನಿ. ಖರೇ ಹೇಳ್ರಿ, ನೀರು ಹ್ಯಾಂಗದ?”

ಅರವತ್ತು ವರ್ಷ ನಾನು ಅವಳ ಪಲ್ಯಕ್ಕೆ ಉಪ್ಪು ಸರಿಯಿದೆ ಎನ್ನುತ್ತಲೇ ಬಂದಿದ್ದೇನೆ, ಅವಳು ನಂಬಿದಂತೆ ನಟಿಸುತ್ತಲೇ ಬಂದಿದ್ದಾಳೆ. ಆ ನಟನೆ ಅಂದು ಅವಳಿಗೆ ಬೇಡವಾಗಿತ್ತು. ನನ್ನ ಬಳಿ ಇದ್ದದ್ದು ಮೂರು ಮಾತು, ಮೂರೂ ಸುಳ್ಳು. ತಂಪು ಎಂದರೂ ಸುಳ್ಳು, ಬಿಸಿ ಎಂದು ಕೈ ತೊಳೆದುಕೊಂಡಿದ್ದರೂ ಸುಳ್ಳೇ.

“ನನಗ ಗೊತ್ತಾಗವಲ್ದು,” ಎಂದೆ. “ನಾಕ ತಿಂಗಳಾತು.”

ಡಾಕ್ಟರ್ ರುಕಿಯಾ ಅವರ ಕಾಲು ಪೆಡಲಿನಿಂದ ಎದ್ದದ್ದು ನನಗೆ ಕೇಳಿಸಿತು. ಹೊರಬಾಗಿಲು ಪೂರ್ತಿ ತೆರೆದು ನೀರು ಬಿಟ್ಟರು. ತೇಲಿಯವರು ಗವಸು ಕಳಚಿ ನನ್ನ ಕೈ ಸರಿಸಿ ತಮ್ಮ ಕೈ ಒಡ್ಡಿದರು, ಒಡ್ಡಿದ್ದನ್ನು ಹಿಂದೆಳೆದುಕೊಂಡರು, ಬಿಸಿ ಎಂದರು. ತಣ್ಣನೆಯ ನೀರು ಹರಿಯುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ತೇಲಿಯವರು ತಂಪು ಎಂದರು. ಉಳಿದ ಕೆಲಸವನ್ನು ಡಾಕ್ಟರು ಕಡ್ಡಿ ಮುಟ್ಟದೆ ಸಣ್ಣ ಕತ್ತರಿಯಿಂದ ಮುಗಿಸಿದರು. ಅಷ್ಟೂ ಹೊತ್ತು ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.

ಮಧ್ಯಾಹ್ನ ಡಾಕ್ಟರ್ ರುಕಿಯಾ ನನ್ನನ್ನು ಕರೆದು ಕೂರಿಸಿದರು. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ, ಬೈಯದೆ ಇನ್ನೂ ಕಷ್ಟ ಮಾಡಿದರು. ಹೆಸರುಕಾಳಿನಷ್ಟು ಜಾಗದಲ್ಲಿ ಮೆತ್ತೆ ಬೆಳ್ಳಗಾಗಿದೆ, ಅದು ಹೋಯಿತು, ಇನ್ನೈದು ಉಸಿರು ಆಗಿದ್ದರೆ ಕೀಲೇ ಹೋಗುತ್ತಿತ್ತು ಎಂದರು. ಧಾರೆ ಹನಿಯಾದಾಗ ತಾವೊಮ್ಮೆ ತಿರುಗಿ ಅಂಕಿ ನೋಡಬೇಕಿತ್ತು, ಮಡಿವಾಳಪ್ಪ ಹದ ಅಂದ ಮೇಲೆ ನೋಡುವುದು ಅವರಿಗೆ ಅವಮಾನವೆಂದು ನೋಡಲಿಲ್ಲ, ಅದನ್ನು ದಾಖಲೆಯಲ್ಲಿ ತಮ್ಮ ಹೆಸರಿನಲ್ಲೇ ಬರೆಯುವುದಾಗಿ ಹೇಳಿದರು. ನನ್ನ ಪಾಲನ್ನು ನಾನು ಬರೆದೆ. ಬರೆಯುತ್ತಿರುವಾಗ ಅವರು ನಮ್ಮ ಮೂರು ಮಾತುಗಳ ನಿಯಮವನ್ನು ಮತ್ತೆ ಓದಿದರು. ಸುಮಾರು ನೂರು ವರ್ಷ ಎಷ್ಟೋ ಜಾಣರು ಸೇರಿ ತಿದ್ದಿದ ನಿಯಮ. ನೀರು ತಂಪಾಗಿದ್ದರೆ ಏನನ್ನಬೇಕು, ಹದವಾಗಿದ್ದರೆ ಏನು, ಬಿಸಿಯಾಗಿದ್ದರೆ ಏನು, ಎಲ್ಲ ಇತ್ತು. ಗೊತ್ತಾಗದಿದ್ದರೆ ಏನನ್ನಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮೂರು ಬಾಗಿಲಿಟ್ಟು ಅಜ್ಞಾನಿಗೆ ಒಂದು ಕಿಟಕಿಯನ್ನೂ ಇಟ್ಟಿರಲಿಲ್ಲ. ಈಗ ನಾಲ್ಕನೆಯ ಮಾತು ಸೇರಿದೆ: ಗೊತ್ತಾಗವಲ್ದು. ಹೊಸದಾಗಿ ಬರುವ ನೀರ್ಗೈಗಳಿಗೆ ಅದನ್ನೇ ಮೊದಲು ಕಲಿಸುತ್ತಾರೆ. ದಿನಕ್ಕೆ ಒಮ್ಮೆಯಾದರೂ ಅನ್ನಲೇಬೇಕೆಂದು ಅಭ್ಯಾಸ ಮಾಡಿಸುತ್ತಾರಂತೆ, ನಾಲಗೆ ಹೊರಳಲಿ ಎಂದು.

ನಿಂಬೆವ್ವನ ತೋಳು ಸಂಜೆಗೆ ಎಚ್ಚರವಾಯಿತು. ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಪಕ್ಕದ ಹಾಸಿಗೆಯವಳಿಗೆ ಹೇಳುವ ನೆಪದಲ್ಲಿ ಗೋಡೆಗೆ, ಕಿಟಕಿಗೆ, ಔಷಧದ ಬಾಟಲಿಗೆಲ್ಲ ನನ್ನ ಗುಣಗಾನ ಮಾಡಿದಳು. ಮೂರನೆಯ ದಿನ ನಾನು ಗಂಜಿ ತಂದುಕೊಟ್ಟಾಗ ನನ್ನ ಬಲಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಹಾಲಿನ ಪಾತ್ರೆಯ ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ್ದು ಗೊತ್ತಾಗುತ್ತದೆಯೇ ಎಂದು ಕೇಳಿದಳು. ಒತ್ತಿದ್ದು ಗೊತ್ತಾಗುತ್ತದೆ, ಬೆಚ್ಚಗಿದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದೆ.

“ಸುಟ್ಟಿದ್ದಕ್ಕ ಸಿಟ್ಟಿಲ್ಲ ನನಗ,” ಎಂದಳು. “ಕೈ ಸತ್ತದ್ದು ನಾಕ ತಿಂಗಳು ಒಬ್ಬರೇ ಹೊತಗೊಂಡು ತಿರಗ್ಯಾಡಿರಲ್ಲ. ನಾ ಏನ ಸತ್ತಿದ್ನೇನು?”

ನಾನು ಗಂಜಿಯ ಬಟ್ಟಲು ಹಿಡಿದು ಕೂತೆ. ಅವಳು ಬಟ್ಟಲನ್ನು ಮುಟ್ಟಿ ನೋಡಿ, ಇನ್ನೂ ಸುಡತದ, ಕೆಳಗಿಡ್ರಿ ಎಂದಳು. ಇಟ್ಟೆ.

ಮೊದಲು ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದವಳು ಈಗ ಐದು ಬಡಿಯುತ್ತಾಳೆ. ಹಂಚಿನಗಲದ ರೊಟ್ಟಿ ಅಂಗೈಯಗಲಕ್ಕೆ ಇಳಿದಿದೆ. ಐದನೆಯದು ಮುಗಿಯುವಷ್ಟರಲ್ಲಿ ಮಣಿಕಟ್ಟಿನ ಆ ಹೆಸರುಕಾಳು ನೋವಾಗಿ ಎದ್ದು ನಿಲ್ಲುತ್ತದೆ, ಅಲ್ಲಿಗೆ ಬಿಡಬೇಕು. ಓಣಿಯ ಸಪ್ಪಳ ಬೇಗ ಮುಗಿಯುವುದರಿಂದ ಕೆಲವರಿಗೆ ಪೂರ್ತಿ ಎಚ್ಚರವಾಗುವುದಿಲ್ಲವೆಂದು ದೂರಿದೆ. ಮೊದಲಿನಂತೆ ತಿರುಗಿಸಲು ಬಾರದಿದ್ದಾಗ ಅವಳು ಒಂದು ಕ್ಷಣ ಕೈಯನ್ನು ಹಿಟ್ಟಿನ ಮೇಲೆ ಹಾಗೆಯೇ ಇಟ್ಟುಕೊಂಡಿರುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ. ಕೀಲುಮನೆಯವರು ನನಗೆ ಶಾಲು ಹೊದಿಸಲಿಲ್ಲ, ಅದು ಸರಿಯಾಗಿಯೇ ಇದೆ. ಆದರೆ ಹಿನ್ನೋಲೆ ಬರೆಯುವ ಹಕ್ಕನ್ನು ಕಿತ್ತುಕೊಳ್ಳಬಾರದೆಂದು ಡಾಕ್ಟರ್ ರುಕಿಯಾ ವಾದಿಸಿದರಂತೆ. ಆ ಹಕ್ಕಿನಿಂದಲೇ ಈಗ ನಿಮ್ಮನ್ನು ಒಂದು ಮಾತು ಬೇಡಿಕೊಳ್ಳುತ್ತೇನೆ.

ನಾಳೆಯೋ ನಾಡಿದ್ದೋ ನೀವು ಮತ್ತೆ ಆ ಮೂಲೆಯಲ್ಲಿ ನಿಂತಿರುತ್ತೀರಿ. ಕಡ್ಡಿ ಕೆಲಸ ಮಾಡುತ್ತಿರುವಾಗ ಒಮ್ಮೆ ಬಕೀಟಿನತ್ತ ಬಾಗಿ. ನೀರು ಹರಿದು ಬರುತ್ತಿದೆಯೇ, ತೊಟ್ಟಿಕ್ಕುತ್ತಿದೆಯೇ ನೋಡಿ. ನಳಿಗೆಯ ಹೊರಮೈಯನ್ನು ಮುಟ್ಟಿ ನೋಡಿ, ಅದಕ್ಕೆ ಪದವಿ ಬೇಕಿಲ್ಲ. ನಿಂತಿದ್ದರೆ ನಿಂತಿದೆ ಎನ್ನಿ. ಸುಡುತ್ತಿದ್ದರೆ ಸುಡುತ್ತಿದೆ ಎನ್ನಿ. ಗೊತ್ತಾಗದಿದ್ದರೆ ಗೊತ್ತಾಗುತ್ತಿಲ್ಲ, ಒಮ್ಮೆ ನೋಡಿ ಎನ್ನಿ. ಬಕೀಟಿನವರು ಮಾತಾಡುವ ಪದ್ಧತಿ ನಿಮ್ಮ ಕೋಣೆಯಲ್ಲಿ ಇಲ್ಲದಿರಬಹುದು. ಡಾಕ್ಟರು ಮುಖಗವಸಿನ ಮೇಲಿಂದ ಒಂದು ನೋಟ ನೋಡಬಹುದು. ಆ ನೋಟಕ್ಕೆ ಎಷ್ಟು ಕಾವಿದ್ದರೂ ಮೆತ್ತೆ ಸುಡುವುದಿಲ್ಲ. ಕೆಲವು ಡಾಕ್ಟರುಗಳು ಪೆಡಲಿನಿಂದ ಕಾಲೆತ್ತಿ ಥ್ಯಾಂಕ್ಸ್ ಅಂದಾರು, ಅಂಥವರೂ ನಿಮ್ಮಲ್ಲಿ ಇದ್ದೇ ಇದ್ದಾರು.

ಬಟ್ಟೆಯ ಗುಡ್ಡದ ಅಡಿಯಲ್ಲಿ ಮಲಗಿದವರ ಮುಖ ನಿಮಗೆ ಕಾಣುವುದಿಲ್ಲ. ಅವರು ಆ ಕೈಯಿಂದ ಏನು ಮಾಡಿಕೊಂಡು ಬದುಕಿದವರೆಂದು ಯಾರೂ ನಿಮಗೆ ಹೇಳಿರುವುದಿಲ್ಲ. ಅವರ ತೋಳು ಮಲಗಿರುತ್ತದೆ, ಬಹುಮಟ್ಟಿಗೆ ಅವರೂ ಮಲಗಿರುತ್ತಾರೆ, ಸುಟ್ಟರೆ ಅವರಿಗೆ ತಿಳಿಯುವುದಿಲ್ಲ. ನೀರು ಹ್ಯಾಂಗದ ಎಂದು ಬಟ್ಟೆಯ ಆಚೆಯಿಂದ ಕೇಳಲು ನಿಮ್ಮ ಕೋಣೆಯಲ್ಲಿ ನಿಂಬೆವ್ವ ಇರುವುದಿಲ್ಲ. ಅದಕ್ಕೇ ಕೇಳುವ ಮೊದಲೇ ಹೇಳಿಬಿಡಿ.

ನಿಮ್ಮ ಕೀಲುಗಳು ತಣ್ಣಗಿರಲಿ.

ನಿಮ್ಮವನೇ,
ಮಡಿವಾಳಪ್ಪ ಬಿದರಕುಂದಿ
ಮಾಜಿ ನೀರ್ಗೈ